ಗಂಟೆಗೆ ನಲವತ್ತೈದು

ಟ್ರೇಲರ್ ಅವನದು, ಪಿಯಾನೊ ನನ್ನದು,
ಮೊಮ್ಮಗಳು ಇಬ್ಬರಿಗೂ.
ಕೋರ್ಟಿನ ಕಾಗದವಾಗಿ ಮೂರು ವರ್ಷಕ್ಕೆ ಹುಟ್ಟಿದವಳು,
ಹಾಗಾಗಿ ಪಾಲುಪಟ್ಟಿಗೆ ಸಿಗದೆ ಉಳಿದವಳು.
ಅವಳಿಗಾಗಿ, ಒಹಾಯೊದಿಂದ ಆರೆಗನ್ನಿಗೆ,
ಹನ್ನೆರಡು ವರ್ಷದ ಮೇಲೆ ಮತ್ತೆ ಒಂದೇ ಗಾಡಿಯಲ್ಲಿ
ವರ್ಲಿನ್ ಮತ್ತು ನಾನು.

"ನಲವತ್ತೈದು ಮೈಲಿ ದಾಟಿಸಬೇಡಿ, ಶ್ರುತಿ ಕೆಡುತ್ತೆ"
ಎಂದಿದ್ದ ಪಿಯಾನೊ ರಿಪೇರಿಯ ಮುದುಕ.
ನಲವತ್ತೈದಕ್ಕೆ ಹೆದ್ದಾರಿಯಲ್ಲಿ ಮರ್ಯಾದೆಯಿಲ್ಲ,
ಲಾರಿಗಳು ಬೆನ್ನಿಗೇ ಬಂದು ಹಾರ್ನಿನಲ್ಲಿ ಬಯ್ಯುತ್ತವೆ.
ಅದಕ್ಕೇ ಈ ಹಿತ್ತಿಲ ದಾರಿಗಳು:
ನಕ್ಷೆಯಲ್ಲಿ ಕೂದಲೆಳೆ, ಬೂದು ಬಣ್ಣ,
ಮಡಿಕೆ ಬಿದ್ದಲ್ಲಿ ಅದೂ ಅಳಿಸಿದೆ.

ಇಂಡಿಯಾನಾ ಪೂರ್ತಿ ಮೆಕ್ಕೆಜೋಳದ ಗೋಡೆ.
ಅಯೋವಾದಲ್ಲಿ ರೇಡಿಯೊ ಹಂದಿಗಳ ಧಾರಣೆ ಹೇಳಿತು,
ಆಮೇಲೆ ಪ್ರಾರ್ಥನೆ, ಆಮೇಲೆ ಮತ್ತೆ ಹಂದಿ.
ನಮ್ಮ ನಡುವೆ ಫ್ಲಾಸ್ಕು ಓಡಾಡಿತು,
ಮಾತು ಓಡಾಡಲಿಲ್ಲ.
ಮಾತಾಡಿದ್ದು ಪಿಯಾನೊ:
ಕಾಂಕ್ರೀಟಿನ ಒಂದೊಂದು ಬಿರುಕಿಗೂ
ಮಂದ್ರದ ಯಾವುದೋ ತಂತಿ "ಹ್ಞೂಂ" ಎನ್ನುತ್ತಿತ್ತು,
ಮಗ್ಗಿ ಒಪ್ಪಿಸುವ ಹುಡುಗನಿಗೆ
ಅರೆನಿದ್ದೆಯ ಮೇಷ್ಟರು ಹ್ಞೂಂಗುಟ್ಟಿದ ಹಾಗೆ.

ನೆಬ್ರಾಸ್ಕಾದ ಮರಳುಗುಡ್ಡಗಳು
ಹುಲ್ಲು ಹೊದ್ದು ಮಗ್ಗುಲಾಗಿ ಮಲಗಿದ್ದವು.
ಗಾಳಿಯಂತ್ರ ನೀರೆತ್ತುತ್ತಿತ್ತು, ಕುಡಿಯಲು ಒಂದೂ ದನವಿರಲಿಲ್ಲ.
ಎದುರು ಬಂದ ಪಿಕಪ್ಪಿನವನು
ಸ್ಟಿಯರಿಂಗ್ ಬಿಡದೆ ಎರಡು ಬೆರಳೆತ್ತಿದ.
ಇವನೂ ಎತ್ತಿದ.
"ಗುರುತಿನವನಾ?"
"ಇಲ್ಲಿ ಎದುರಾಗೋದೇ ಗುರುತು."
ಇನ್ನೂರು ಮೈಲಿಗೆ ಅದೊಂದೇ ವಾಕ್ಯ.
ಹಿಂದೆಯಾಗಿದ್ದರೆ ಉಳಿದ ಮೌನವನ್ನು
ಬಿಚ್ಚಿ, ಹೊಲಿದು, ಮತ್ತೆ ಬಿಚ್ಚಿ
ರಾತ್ರಿಯೆಲ್ಲ ಕೂತಿರುತ್ತಿದ್ದೆ.
ಈಗ ಕಿಟಕಿ ಇಳಿಸಿದೆ. ಹುಲ್ಲಿನ ವಾಸನೆ ಬಂತು.

ವಯೋಮಿಂಗಿನಲ್ಲಿ ಆಲಿಕಲ್ಲು.
ಜನಸಂಖ್ಯೆ ನಲವತ್ತೊಂದು ಎಂದು ಫಲಕ ಹೊತ್ತ ಊರು.
ಮುಚ್ಚಿದ ಬಂಕಿನ ತಗಡಿನಡಿ ನುಗ್ಗಿದೆವು.
ಎದುರು ಮನೆಯಿಂದ ತಲೆಯ ಮೇಲೆ
ಬಟ್ಟೆ ಒಗೆಯುವ ಟಬ್ಬು ಬೋರಲು ಹಾಕಿಕೊಂಡು
ಢಣಢಣ ಓಡಿಬಂದಳು ಒಬ್ಬಳು.
ಅರ್ವೆಲ್ಲಾ ಅಂತೆ. ಚರ್ಚಿನಲ್ಲಿ ನುಡಿಸುತ್ತಿದ್ದಳಂತೆ,
ಚರ್ಚು ಇದ್ದಾಗ.
"ಟಾರ್ಪಾಲಿನಡಿ ಇರೋದು ಅದೇ ತಾನೆ?
ಬೆನ್ನು ನೋಡಿದರೇ ಗೊತ್ತಾಯ್ತು."

ಎಂಬತ್ತೆಂಟು ಮನೆಗಳ ಪಿಯಾನೊ;
ಊರಲ್ಲಿ ಅಷ್ಟು ಮನೆಗಳಿಲ್ಲ.
ಹೊದಿಕೆಯೊಳಗೆ ಎರಡೂ ಕೈ ತೂರಿಸಿ,
ಈಯಲಾರದ ಹಸುವಿಗೆ ನೆರವಾಗುವವಳ ಹಾಗೆ
ಮುಖ ಎಲ್ಲೋ ತಿರುಗಿಸಿಕೊಂಡು
ನುಡಿಸಿದಳು.
ಎರಡು ಮನೆ ಮೂಕ. ಅವು ಬಂದಲ್ಲೆಲ್ಲ
ಆ ಸ್ವರವನ್ನು ಬಾಯಲ್ಲೇ ಹೇಳಿ ದಾಟಿದಳು,
ಲಯ ತಪ್ಪಲಿಲ್ಲ.
ವರ್ಲಿನ್ ಟೋಪಿ ತೆಗೆದ.
ಕಲ್ಲು ಬೀಳುವುದು ಯಾವಾಗ ನಿಂತಿತೋ ತಿಳಿಯಲಿಲ್ಲ.
"ಆ ಎರಡನ್ನ ರಿಪೇರಿ ಮಾಡಿಸಬೇಡಿ," ಎಂದಳು ಟಬ್ಬು ಎತ್ತಿಕೊಳ್ಳುತ್ತ,
"ಹುಡುಗಿ ಬಾಯಿ ಬಿಡೋದು ಕಲೀಲಿ."

ಆರೆಗನ್ ಗಡಿ ಕಳೆದು, ದನ ದಾಟದಂತೆ
ರಸ್ತೆಗಡ್ಡ ಹಾಸಿದ ಕಬ್ಬಿಣದ ಕೊಳವೆಗಳ ಮೇಲೆ
ಚಕ್ರ ಹರಿದದ್ದೇ ತಡ
ಎಂಬತ್ತಾರೂ ಒಟ್ಟಿಗೆ ಗುಡುಗಿದವು.
ಬೇಲಿಯಾಚೆಯ ಹೋರಿ ತಲೆಯೆತ್ತಿತು.
ವರ್ಲಿನ್ ಬ್ರೇಕು ಒತ್ತಿದ, ಕನ್ನಡಿ ನೋಡಿದ,
ರಿವರ್ಸ್ ಹಾಕಿದ.
ಮತ್ತೆ ಗುಡುಗು.
ಮತ್ತೆ ಮುಂದಕ್ಕೆ. ಮತ್ತೆ.
"ಶ್ರುತಿ ಕೆಡುತ್ತೆ ಕಣೋ."
"ಕೆಡಲಿ ಬಿಡು, ಅಲ್ಲೂ ಒಬ್ಬ ಮುದುಕ ಸಿಗ್ತಾನೆ."

ಇನ್ನು ತೊಂಬತ್ತು ಮೈಲಿ.
ಮುಳ್ಳು ನಲವತ್ತೈದಕ್ಕೆ ಏರುತ್ತಿತ್ತು.
ಮೂವತ್ತೈದು ಸಾಕು, ಎಂದೆ.
ಇಳಿಸಿದ.